ಮಾಂಜ್ರಾದ ತಳದಲ್ಲಿ ಸಾಗಬೇಕಿದ್ದ ಗುಮ್ಮಿ

ಭಾಲ್ಕಿಯ ಹಿಟ್ಟಿನ ಗಿರಣಿ ಬಸವಣ್ಣೆಪ್ಪನಿಗೆ ಎರಡರ ಮೇಲೆ ಅಪಾರ ನಂಬಿಕೆ: ಒಂದು ತನ್ನ ಎಣ್ಣೆ ಇಂಜಿನ್ನು, ಇನ್ನೊಂದು ತನ್ನ ತಲೆ. ಇಂಜಿನ್ನಿನ ಮೇಲಿನ ನಂಬಿಕೆಗೆ ಆಧಾರವಿತ್ತು. ಹನ್ನೊಂದು ವರ್ಷ ಅದು ಊರಿನ ಜೋಳ ಬೀಸಿತ್ತು, ಒಂದು ದಿನವೂ ತಕರಾರು ಮಾಡಿರಲಿಲ್ಲ. ತಲೆಯ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ನಲವತ್ತೆಂಟರ ಮಳೆಗಾಲದಲ್ಲಿ ಯಾರೋ ಪುಣ್ಯಾತ್ಮ ಗಿರಣಿಯ ಕಟ್ಟೆಯ ಮೇಲೆ ಕೂತು, "ರಜಾಕಾರರು ಊರೂರಿನ ಇಂಜಿನ್ ಕಿತ್ತ ಒಯ್ಯಾಕತ್ಯಾರಂತ" ಎಂದು ಗಾಳಿಸುದ್ದಿ ಬಿಟ್ಟ. ಸೋಲಾಪುರದ ಕಡೆ ಬೀಗರಿದ್ದವರು ಆಗಲೇ ಹೆಂಡರು ಮಕ್ಕಳನ್ನು ಕರೆದುಕೊಂಡು ನಿಜಾಮರ ರಾಜ್ಯದ ಗಡಿ ದಾಟಿದ್ದರು. ಬಸವಣ್ಣೆಪ್ಪನಿಗೆ ಹೆಂಡತಿ ಗುಂಡಮ್ಮನ ಚಿಂತೆ ಅಷ್ಟಾಗಿ ಕಾಡಲಿಲ್ಲ. ಇಂಜಿನ್ನಿನ ಚಿಂತೆಯಲ್ಲಿ ಊಟ ಬಿಟ್ಟ. ಹ್ಯಾಗಾದರೂ ಅದನ್ನು ಮಾಂಜ್ರಾ ನದಿಯ ಆಚೆ, ಠಾಣಾ ಕುಶನೂರಿನ ಮಾವನ ಮನೆಗೆ ಮುಟ್ಟಿಸಬೇಕು. ದೋಣಿ ದಾಟುವಲ್ಲಿ ನಿಜಾಮರ ಪರ ಬಂದೂಕು ಹಿಡಿದ ಈ ರಜಾಕಾರರ ನಾಕಾ ಇತ್ತು, ಹಾಯುವವರನ್ನೆಲ್ಲ ತಡೆದು ನೋಡುತ್ತಿದ್ದರು. ನೀರಿನ ಮೇಲೆ ದಾರಿ ಇಲ್ಲದಿದ್ದರೆ ನೀರಿನ ಕೆಳಗೆ ಇರಲೇಬೇಕೆಂದು ಆ ತಲೆಗೆ ಹೊಳೆಯಿತು. ಮೊಣಕಾಲುಮಟ್ಟದ ನೀರಿಗಿಂತ ಮುಂದೆ ಎಂದೂ ಇಳಿಯದ ಮನುಷ್ಯ ಜಲಾಂತರ್ಗಾಮಿ ಕಟ್ಟಲು ನಿಂತ. ಅಟ್ಟಕ್ಕೆ ಹಾರದವ ಬೆಟ್ಟಕ್ಕೆ ಹಾರಿದ ಅನ್ನುವುದು ಇಂಥವರನ್ನು ನೋಡಿಯೇ.

ಮುಚ್ಚಿಹೋದ ಹತ್ತಿ ಜಿನ್ನಿನ ಹಳೆಯ ಬಾಯ್ಲರನ್ನು ಗೆಳೆಯ ಹಾವಗೆಪ್ಪನ ಎತ್ತುಗಳಿಂದ ಹಲಬರ್ಗಾದ ಆಚೆಯ ನದಿಯ ಮಡುವಿಗೆ ಎಳೆಸಿದ. ಕೇಳಿದವರಿಗೆಲ್ಲ "ಹೊಲದಾಗ ಕಾಳು ತುಂಬಾಕ ಗುಮ್ಮಿ" ಎಂದ. ಮೇಲೆ ಮನುಷ್ಯ ಇಳಿಯುವಷ್ಟು ಬಾಯಿ ಮಾಡಿಸಿ ಮುಚ್ಚಳ ಕೂರಿಸಿದ, ಹಿಂದೆ ನೀರು ತಳ್ಳಲು ಪಂಖಾ ಹಾಕಿಸಿದ, ಗಾಳಿಗೂ ಹೊಗೆಗೂ ನೀರಿನ ಮೇಲೆ ಮೂತಿ ಚಾಚುವ ಎರಡು ನಳಿಗೆ ನಿಲ್ಲಿಸಿದ. ಇನ್ನು ಉಳಿದದ್ದು ಒಂದೇ ತೊಡಕು. ಕಬ್ಬಿಣದ ಹೊಟ್ಟೆಯೊಳಗೆ ಇಂಜಿನ್ನು ಕಾಯದಂತೆ ತಂಪಿಡುವುದು ಹ್ಯಾಗೆ?

ಗಿರಣಿಯಲ್ಲಿ ಇಂಜಿನ್ ನಡೆಸುವ ಉಸ್ಮಾನ ಮಿಯಾ ಹಿಂದೆ ಲಾರಿ ಓಡಿಸಿದವ. "ಸಾವ್ಕಾರ್ರೇ, ಲಾರಿದು ರೇಡಿಯೇಟರ್ ಹಚ್ಚೋಣ್ರಿ" ಎಂದ.

"ಅದಕ್ಕ ಗಾಳಿ ಬೇಕು. ಆ ಗುಮ್ಮ್ಯಾಗ ಕೂತು ನಿಮ್ಮಪ್ಪ ಗಾಳಿ ಬೀಸ್ತಾನೇನು?"

"ಹಂಗಾದ್ರ ಹೊಳಿ ನೀರ ಎಳದು ಇಂಜಿನ್ನಾಗ ಹಾಯಿಸಿ ಹೊರಗ ಬಿಡೋಣ್ರಿ."

"ಭಾದ್ರಪದದ ನೀರದು, ಅರ್ಧಾ ಕೆಸರು. ಇಂಜಿನ್ ಹೊಟ್ಟ್ಯಾಗ ಗ್ವಾಡಿ ಕಟ್ಟತದ."

ಇದೊಂದು ಮಾತ್ರ ಖರೆ ಮಾತು. ಬಸವಣ್ಣೆಪ್ಪನ ಬಾಯಲ್ಲಿ ಅಪರೂಪಕ್ಕೆ ಖರೆ ಮಾತು ಬಂದರೆ ಅವನನ್ನು ಹಿಡಿಯುವವರಿಲ್ಲ.

ರೊಟ್ಟಿ ಗಂಟು ತಂದಿದ್ದ ಗುಂಡಮ್ಮ ಅಲ್ಲೇ ಕೂತು ಕೇಳುತ್ತಿದ್ದಳು. "ಬಿಸಿ ಹಾಲಿನ ಚರಗಿ ತಣ್ಣೀರಾಗ ಇಡ್ತೇವ್ರಿ. ಹಾಲಿಗಿ ನೀರ ಸುರೀತೇವೇನು? ಇಂಜಿನ್ ನೀರ ನಳಿಗ್ಯಾಗ ಹೊರಗ ತಂದು, ಹೊಳಿ ನೀರಾಗ ಸುತ್ತ ಹೊಡಿಸಿ, ಮತ್ತ ಒಳಗ ಬಿಡ್ರಿ. ಕೆಸರ ಒಳಗ ಬರಂಗೇ ಇಲ್ಲ."

"ವಾಹ್ ಬಾಯಿ! ಅಸಲ್ ಮಾತು" ಎಂದ ಉಸ್ಮಾನ ಮಿಯಾ.

ಹಿತ್ತಲ ಗಿಡ ಎಲ್ಲಿಯಾದರೂ ಮದ್ದಾಗುತ್ತದೆಯೇ? "ಹಾಲಿನ ಶಾಣ್ಯಾತನ ಹಾಲಿಗಿ ಇರಲಿ" ಎಂದ ಬಸವಣ್ಣೆಪ್ಪ. "ಗಿರಣ್ಯಾಗ ಒಂದ ಟಾಕಿ ನೀರಿನ ಮ್ಯಾಲ ಹನ್ನೊಂದ ವರ್ಷ ನಡಸೀನಿ. ಒಂದ ದಿನಾ ಕಾದಿಲ್ಲ. ಅದೇ ಟಾಕಿ ಗುಮ್ಮ್ಯಾಗ ಇಡ್ತೇನಿ, ಮುಗೀತು."

ಆ ಟಾಕಿ ಯಾಕೆ ಕುದಿಯುತ್ತಿರಲಿಲ್ಲ ಅನ್ನುವುದು ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ಜೋಳ ಬೀಸಿಸಲು ಬಂದವಳು ಒಂದು ಕೊಡ ತಣ್ಣೀರನ್ನು ಟಾಕಿಗೆ ಸುರಿದು, ಒಂದು ಕೊಡ ಬಿಸಿನೀರನ್ನು ಬಾಣಂತಿಗೋ ಕೂಸಿಗೋ ಒಯ್ಯುವುದು ಗಿರಣಿಯ ರೂಢಿ. ದಿನಕ್ಕೆ ನಲವತ್ತು ಐವತ್ತು ಕೊಡ. ಬಸವಣ್ಣೆಪ್ಪ ಅವರನ್ನು ಪುಕ್ಕಟೆ ನೀರಿನವರೆಂದು ಬೈಯುತ್ತಿದ್ದನೇ ಹೊರತು, ತನ್ನ ಇಂಜಿನ್ನನ್ನು ತಂಪಿಟ್ಟವರು ಅವರೇ ಎಂದು ಅವನಿಗೆ ತಿಳಿದಿರಲಿಲ್ಲ.

"ಹೊಳ್ಯಾಗ ನಿಮ್ಮ ಟಾಕಿಗಿ ಕೊಡ ಸುರಿಯಾಕ ಯಾರ ಬರ್ತಾರ್ರಿ?" ಎಂದು ಗುಂಡಮ್ಮ ಕೇಳಿದ್ದು ಅವನಿಗೆ ಕೇಳಿಸಲಿಲ್ಲ.

ಇಂಡಿಯಾದ ಫೌಜು ಗಡಿ ದಾಟಿತೆಂಬ ಸುದ್ದಿ ಬಂದ ದಿನವೇ ಇಂಜಿನ್ನು ಗುಮ್ಮಿಯೊಳಗೆ ಕೂತಿತು. ಬಸವಣ್ಣೆಪ್ಪ ಒಳಗಿಳಿದ, ಉಸ್ಮಾನ ಮಿಯಾ ದಂಡೆಯಲ್ಲಿ ಹಗ್ಗ ಹಿಡಿದು ನಿಂತ. ಗುಮ್ಮಿ ಅರ್ಧ ಮುಳುಗಿತು, ಪಂಖಾ ತಿರುಗಿತು, ಇಪ್ಪತ್ತು ಮಾರು ಹೋಯಿತು ಕೂಡ! ಒಳಗಿಂದ "ಗೆದ್ದೆ!" ಎಂಬ ಕೂಗು ಬಂತು. ಆಮೇಲೆ ಟಾಕಿ ಕುದಿಯತೊಡಗಿತು. ಗುಮ್ಮಿಯ ತುಂಬ ಉಗಿ. ಇಂಜಿನ್ನು ಒಮ್ಮೆ ನರಳಿ, ಪಿಸ್ಟನ್ ಕಚ್ಚಿಕೊಂಡು ನಿಂತೇಬಿಟ್ಟಿತು. ಕೂಗು ಈಗ ಬೇರೆಯಾಗಿತ್ತು. ಉಸ್ಮಾನ ಮಿಯಾ ನೀರಿಗೆ ಹಾರಿ, ಕಾದ ಮುಚ್ಚಳವನ್ನು ಬರಿಗೈಯಲ್ಲಿ ಎತ್ತಿ, ಧಣಿಯ ರಟ್ಟೆ ಹಿಡಿದು ಹೊರಗೆಳೆದ. ಬಸವಣ್ಣೆಪ್ಪ ದಂಡೆಯ ಮೇಲೆ ಕೂತು ಇಂಜಿನ್ನಿಗಾಗಿ ಗೊಳೋ ಎಂದು ಅತ್ತ. ಉಸ್ಮಾನನ ಕೈಯನ್ನು ನೋಡಲಿಲ್ಲ.

ನಾಲ್ಕು ದಿನದಲ್ಲಿ ನಿಜಾಮರ ಸರಕಾರ ಶರಣಾಯಿತು. ಇಂಜಿನ್ನು ಕೇಳಿಕೊಂಡು ಯಾವ ರಜಾಕಾರನೂ ಬಂದಿರಲಿಲ್ಲ. ಅವರು ಓಡಿಹೋದರು, ಜನರ ಸಿಟ್ಟು ಊರಲ್ಲಿ ಉಳಿಯಿತು. ಸಿಟ್ಟಿಗೆ ಓಡಿಹೋದವರು ಸಿಗುವುದಿಲ್ಲವಲ್ಲ, ಅದು ಓಣಿಯಲ್ಲಿ ಉಳಿದ ಮುಸಲ್ಮಾನರನ್ನು ಹುಡುಕಿತು. ಒಂದು ಮಧ್ಯಾಹ್ನ ಉಸ್ಮಾನ ಮಿಯಾ ಹೆಂಡತಿ ಜಾಹೇದಾಳೊಂದಿಗೆ ಗಿರಣಿಯ ಹಿಂದಿನ ಬಾಗಿಲಿಗೆ ಬಂದ. ಅವನ ಎರಡೂ ಕೈಗೆ ಬಟ್ಟೆ ಸುತ್ತಿತ್ತು.

"ಸಾವ್ಕಾರ್ರೇ, ನಿಮ್ಮ ಗುಮ್ಮಿ ನಡೀತದೇನ್ರಿ?" ಎಂದಳು ಜಾಹೇದಾ. "ಹೊಳಿ ಆಚಿ ಬಿಟ್ರ ಸಾಕ್ರಿ, ಇಬ್ಬರೇ ಇದ್ದೇವಿ." ಗುಮ್ಮಿಯ ಗತಿ ಬಲ್ಲ ಉಸ್ಮಾನ ತಲೆ ತಗ್ಗಿಸಿ ನಿಂತಿದ್ದ.

ಬಸವಣ್ಣೆಪ್ಪ ನಾಚಿ, ಇಂಜಿನ್ನು ಕಿತ್ತ ಕುಣಿಯ ಕಡೆ ಮುಖ ತಿರುಗಿಸಿದ. ಗುಂಡಮ್ಮನೇ ಮುಂದೆ ಬಂದಳು. "ಅದು ನಡ್ಯಾಂಗಿಲ್ಲ ತಂಗಿ. ಇಂಜಿನ್ ಇದ್ದ ಕುಣಿ ಖಾಲಿ ಅದ, ಇಳೀರಿ." ಇಬ್ಬರನ್ನೂ ಇಳಿಸಿ, ಹಲಗೆ ಮುಚ್ಚಿ, ಮೇಲೆ ಜೋಳದ ಚೀಲ ಒಟ್ಟಿ, ಮುಂದೆ ಬೀಸುವ ಕಲ್ಲು ಹಾಕಿಕೊಂಡು ಕೂತಳು.

ಹಾವಗೆಪ್ಪ ಐದಾರು ಮಂದಿಯೊಂದಿಗೆ ಬಂದ. ಕೈಯಲ್ಲಿ ಕೊಡಲಿ. "ಬಸಣ್ಣಾ, ಉಸ್ಮಾನ ಇಲ್ಲಿ ಬಂದಾನಂತ?"

ಬಸವಣ್ಣೆಪ್ಪ ಚೀಲಗಳಿಗೆ ಅಡ್ಡ ಬಂದು ನಿಂತ. ಬಾಯಿ ತೆರೆದರೆ ಬಂದದ್ದು ಅವನಿಗೆ ಬರುತ್ತಿದ್ದ ಒಂದೇ ಮಾತು. "ಅವನ ಮಾತ ಬಿಡೋ ಹಾವಗ್ಯಾ, ನನ್ನ ಇಂಜಿನ್ ಹ್ಯಾಂಗ ಸತ್ತಿತು ಕೇಳು. ತಂಪಿಡಾಕ ಮೂರ ದಾರಿ ಇದ್ದವು..." ಹಾವಗೆಪ್ಪನ ಹೆಗಲವಸ್ತ್ರ ಹಿಡಿದು ರೇಡಿಯೇಟರಿನಿಂದ ಶುರುಮಾಡಿದ. ಕೆಸರು ಬಂತು, ಹಾಲಿನ ಚರಗಿ ಬಂತು. "ಇಕಿ ಖರೆ ಹೇಳಿದ್ಲು, ನಾ ಕತ್ತೆ, ಕೇಳಲಿಲ್ಲ. ಟಾಕಿ ಕುದ್ದ ಮ್ಯಾಲ ತಿಳೀತು, ನಿನ್ನ ಹೆಂಡ್ತಿ ದಿನಾ ಕೊಡ ಸುರದು ನನ್ನ ಇಂಜಿನ್ ಉಳಿಸಿದ್ಲು, ನಾ ಆಕಿಗಿ ಬೈದೆ..." ಹೇಳುತ್ತ ಹೇಳುತ್ತ ನಿಜವಾಗಿಯೇ ಅಳು ಬಂತು. ಒಬ್ಬ ಆಕಳಿಸಿದ, ಇನ್ನೊಬ್ಬ ನಕ್ಕ. ಬಸವಣ್ಣೆಪ್ಪ ನಳಿಗೆಯ ಅಳತೆಗೆ ಬಂದಾಗ ಹಾವಗೆಪ್ಪ ವಸ್ತ್ರ ಕಿತ್ತುಕೊಂಡ. "ನಡೀರ್ಯೋ, ಈ ಹುಚ್ಚನ ಪುರಾಣ ಮುಗ್ಯಾಂಗಿಲ್ಲ."

ಅವರು ಬೀದಿಯ ತಿರುವು ದಾಟಿದರೂ ಬಸವಣ್ಣೆಪ್ಪ ಹೇಳುತ್ತಲೇ ಇದ್ದ. "ಸಾಕ್ರಿ, ಹೋದ್ರು" ಎಂದಳು ಗುಂಡಮ್ಮ.

ಅವನು ಚೀಲ ಸರಿಸಿ, ಹಲಗೆ ಎತ್ತಿ, ಕುಣಿಯೊಳಗೆ ಬಗ್ಗಿದ. "ಮಿಯಾ, ಕೈ ತೋರಸು."

ಕತ್ತಲೊಳಗಿಂದ ಉಸ್ಮಾನ ಮಿಯಾ, "ಈಗ ಬ್ಯಾಡ್ರಿ ಸಾವ್ಕಾರ್ರೇ. ಹಲಗಿ ಮುಚ್ಚರಿ" ಎಂದ.