ಶಿರಹಟ್ಟಿಯ ತಂತಿಯಲ್ಲಿದ್ದ ಬಿಲ್

ಎಂ.ಕಾಂ. ಮುಗಿಸಿ ಗದುಗಿನ ಒಂದು ಶಿಕ್ಷಣ ಸಂಸ್ಥೆಯ ಲೆಕ್ಕ ವಿಭಾಗಕ್ಕೆ ಸೇರಿದ ಮೊದಲ ವರ್ಷ ನಡೆದದ್ದು ಇದು. ಲಕ್ಷ್ಮೇಶ್ವರ ಮತ್ತು ಶಿರಹಟ್ಟಿಯಲ್ಲಿ ಸಂಸ್ಥೆಯ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಿವೆ. ಎರಡಕ್ಕೂ ದಿನಸಿ ತರುತ್ತಿದ್ದವರು ಬೆಟಗೇರಿಯ ಫಕೀರಪ್ಪ ಕಾಕಾ. ಖರೀದಿಗೆಂದು ಆ ವರ್ಷವೇ ಅವರ ಕೈಗೆ ಸಂಸ್ಥೆಯ ಬ್ಯಾಂಕ್ ಕಾರ್ಡ್ ಬಂದಿತ್ತು. ತಿಂಗಳ ಕೊನೆಗೆ ಹಾಸ್ಟೆಲ್‌ಗಳಿಂದ ಬರುವ ಬಿಲ್‌ಗಳನ್ನು ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆ ನೋಡುವುದು ನನ್ನ ಕೆಲಸ.

ನನ್ನದು ಮಾತು ಕಡಿಮೆ. ಕಾಕಾ ಬಂದಾಗಲೆಲ್ಲ ಕೀಟಲೆ ಮಾಡುತ್ತಿದ್ದರು: “ಏನ ತಂಗಿ, ನಗಾಕೂ ಬಿಲ್ ಕೇಳ್ತಿಯೇನು?”

ಒಂದು ತಿಂಗಳು ಪಟ್ಟಿಯಲ್ಲಿ ಒಂದೇ ದಿನ, ಒಂದೇ ಅಂಗಡಿ, ಒಂದೇ ಮೊತ್ತ ಎರಡು ಸಲ ಇತ್ತು. ನನ್ನ ಬಳಿ ಇದ್ದದ್ದು ಒಂದೇ ಬಿಲ್. ಕಾಕಾನ ನಂಬರ್ ಫೋನಿನಲ್ಲಿತ್ತು, ಕೇಳಲು ಸಂಕೋಚವಾಯಿತು. ಬರೆಯುವುದು ನನಗೆ ಸುಲಭ. ‘ಎರಡನೇ ಪಾವತಿಗೆ ದಾಖಲೆಯಿಲ್ಲ, ದುರುಪಯೋಗದ ಶಂಕೆ’ ಎಂದು ಬರೆದು ಕಾರ್ಯದರ್ಶಿಯವರಿಗೆ ಕೊಟ್ಟೆ.

ಮರುದಿನ ಅವರು ಕಾಕಾನನ್ನು ಕರೆಸಿ ಎಲ್ಲರೆದುರೇ ಕೇಳಿದರು. “ಕಾರ್ಡ್ ಕೊಟ್ಟದ್ದು ಹುಡುಗ್ಯಾರ ಹೊಟ್ಟಿಗೋ, ನಿಮ್ಮ ಮನಿಗೋ?”

“ಎರಡೂ ಹಾಸ್ಟೆಲಿಗೆ ತಂದೇನ್ರಿ.”

“ಹಂಗಾರ ಕಾಗದ ತೋರಸ್ರಿ.”

ಕಾಕಾ ನನ್ನ ಕಡೆ ಒಮ್ಮೆ ನೋಡಿದರು. ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಮರಳಿ ಬರಲಿಲ್ಲ.

ಮೂರು ವಾರದ ನಂತರ ದಾಸ್ತಾನು ನೋಡಲು ಶಿರಹಟ್ಟಿಗೆ ಹೋದೆ. ಅಡುಗೆಮನೆಯಲ್ಲಿ ಚೀಟಿ ಚುಚ್ಚಿಡುವ ತಂತಿಯಲ್ಲಿ ಆ ಎರಡನೇ ಬಿಲ್ ಇತ್ತು. ಅಡುಗೆಯಾಕೆ ಹೇಳಿದಳು: “ಕಾಕಾ ಎರಡೂ ಕಡಿಗಿ ಸರೀಸಮ ತರ್ತಿದ್ರು. ಒಂದ ಕಾಳು ಹೆಚ್ಚುಕಮ್ಮಿ ಆದ್ರ ನಾವಿಬ್ರು ಅಡಗಿಯವ್ರು ಜಗಳಾ ತಗಿತೀವಂತ ಬಿಲ್ಲೂ ಬ್ಯಾರೆ ಬ್ಯಾರೆ ಮಾಡಸ್ತಿದ್ರು. ಇದನ್ನ ಗದಗಕ್ಕ ಕಳಸೂದು ನಾನ ಮರ್ತೇನ್ರಿ.”

ಬಿಲ್ ನೋಡಿ ಕಾರ್ಯದರ್ಶಿಯವರು ಕೆಲಸಕ್ಕೆ ಮರಳಲು ಕಾಕಾನಿಗೆ ಹೇಳಿಕಳಿಸಿದರು. ಕಾಕಾ ಬರಲಿಲ್ಲ. ಭಾನುವಾರ ನಾನೇ ಬೆಟಗೇರಿಗೆ ಹೋದೆ.

“ಬರ್ರಿ ಮೇಡಂ, ಕುಂಡ್ರಿ,” ಎಂದು ಕುರ್ಚಿಯ ಧೂಳು ಒರೆಸಿದರು.

“ತಪ್ಪಾತು ಕಾಕಾ.”

“ನೀವು ಬರ್ದದ್ದು ಬರೋಬ್ಬರಿ ಐತ್ರಿ, ಬಿಲ್ ಇರಲಿಲ್ಲಲ್ಲ. ಒಂದ ಫೋನ್ ಮಾಡಿದ್ರ ಆಗ್ತಿತ್ತು, ಅಷ್ಟ.”

ಚಹಾ ಕುಡಿಸಿ ಓಣಿಯ ತುದಿಯವರೆಗೂ ಬಂದು ಕಳಿಸಿದರು. ಕೆಲಸಕ್ಕೆ ಮಾತ್ರ ಒಪ್ಪಲಿಲ್ಲ.

ಈಗ ಏನೇ ತಾಳೆಯಾಗದಿದ್ದರೂ ಮೊದಲು ಫೋನ್ ಮಾಡುತ್ತೇನೆ. ಕಾಕಾ ಆಗಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. “ಆರಾಮ್ರಿ ಮೇಡಂ?” ಎಂದು ಕೈಮುಗಿಯುತ್ತಾರೆ. ತಂಗಿ ಎಂದು ಮತ್ತೆ ಕರೆದಿಲ್ಲ.