ಗಂಟೆಯಪ್ಪ ಬರೆದ ಟೀ ವರದಿ

ಆ ಬೂಟಿನ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಪಟ್ಟಿಗೆ ಬಿಟ್ಟರೆ ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವನು ಗಂಟೆಯಪ್ಪ. ಗೇಟಿನ ಪಕ್ಕದಲ್ಲಿ ಪಾರಿವಾಳದ ಗೂಡಿನಂಥದೊಂದು ಕೋಣೆ, ಅದರಲ್ಲಿ ಒಂದು ಮೇಜು, ಒಂದು ಕುರ್ಚಿ, ಗೋಡೆಗೊಂದು ಗಡಿಯಾರ. ಅಲ್ಲಿ ಕೂತು ಬಂದವರ ಹೊತ್ತು, ಹೋದವರ ಹೊತ್ತು ಬರೆದುಕೊಳ್ಳುವುದು, ಸಮಯಕ್ಕೆ ಸರಿಯಾಗಿ ಸೈರನ್ ಒತ್ತುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ. ಯಾರಾದರೂ ಎರಡು ನಿಮಿಷ ತಡವಾಗಿ ಏದುಸಿರು ಬಿಡುತ್ತ ಬಂದರೆ, "ಬಾ ಬಾ, ಈ ಗಡಿಯಾರಕ್ಕೂ ವಯಸ್ಸಾಯ್ತು, ಮುಂದೆ ಓಡುತ್ತೆ" ಎಂದು ತಡವನ್ನು ಬಿಟ್ಟು ಸೈರನ್ನಿನ ಹೊತ್ತನ್ನೇ ಬರೆದುಕೊಳ್ಳುತ್ತಿದ್ದ. ಹಾಗಾಗಿ ಅವನನ್ನು ಕಂಡರೆ ಜನಕ್ಕೆ ಇಷ್ಟ.

ಈ ಕೆಲಸ ಕೊಡಿಸಿದ್ದು ಭಾವ. ಗಂಟೆಯಪ್ಪನಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಹೋಗಿ, ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಅವಳು ಮದುವೆಯಾಗಿ ಹೋಗುವಾಗ ಬಟ್ಟೆಯ ಪೆಟ್ಟಿಗೆಯ ಜೊತೆ ತಮ್ಮನನ್ನೂ ಕರೆದುಕೊಂಡೇ ಹೋದಳು. ಭಾವ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಕಾರ್ಖಾನೆಯಲ್ಲಿ ಭಾವನದು ಗೋಂದಿನ ವಿಭಾಗ. ಅಟ್ಟೆಗೆ ಗೋಂದು ಬಳಿದು, ಬೂಟಿನ ಮೇಲ್ಭಾಗಕ್ಕೆ ಕೂಡಿಸಿ, ಅಂಚು ಒಂದು ಎಳೆಯಷ್ಟೂ ಆಚೀಚೆ ಆಗದಂತೆ ಒತ್ತುವುದು. ಅಷ್ಟು ನಾಜೂಕು ಕೆಲಸದ ಕೈ ಆ ಕಾರ್ಖಾನೆಯಲ್ಲಿ ಇನ್ನೊಂದಿರಲಿಲ್ಲ.

ಹನ್ನೊಂದು ಗಂಟೆಗೆ ಗಂಟೆಯಪ್ಪ ಒತ್ತುತ್ತಿದ್ದ ಸೈರನ್ ಟೀಯದು. ಹಿಂದಿನ ಕಾಂಪೌಂಡಿನ ಮೂಲೆಯಲ್ಲಿ ಒಂದು ಮರ, ಮರದ ಕೆಳಗೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಎರಡು ಒಲೆ, ಒಬ್ಬ ಹೆಂಗಸು. ಅವಳ ಗಂಡ ಇಲ್ಲಿಯೇ ಚರ್ಮ ಒತ್ತುವ ಪ್ರೆಸ್ಸಿನ ಮೇಲೆ ಕೆಲಸ ಮಾಡುತ್ತಿದ್ದವನು. ಅವನು ಸತ್ತ ಮೇಲೆ ಹಳೆಯ ಯಜಮಾನರು ಅವಳಿಗೆ ಆ ಜಾಗ ಬಿಟ್ಟುಕೊಟ್ಟಿದ್ದರು. ಎಲ್ಲರೂ ಅವಳನ್ನು ಶೆಡ್ಡಕ್ಕ ಎನ್ನುತ್ತಿದ್ದರು. ಹದಿನೈದು ನಿಮಿಷದ ಬಿಡುವು. ಹದಿನೈದು ಆಗಾಗ ಇಪ್ಪತ್ತಾಗುತ್ತಿತ್ತು, ಮೋಡ ಕವಿದ ದಿನ ಇಪ್ಪತ್ತೆರಡೂ ಆಗುತ್ತಿತ್ತು. ಒಳಗೆ ಹೋಗುವ ಸೈರನ್ ಒತ್ತುವವನೂ ಕೈಯಲ್ಲಿ ಗ್ಲಾಸು ಹಿಡಿದು ಅಲ್ಲೇ ನಿಂತಿರುತ್ತಿದ್ದನಲ್ಲ!

ಹೊಸ ಮ್ಯಾನೇಜರ್ ಬಂದದ್ದು ಆಗ. ಚಿಕ್ಕ ವಯಸ್ಸು, ಮೆದು ಮಾತು. ಬಂದ ಎರಡನೆಯ ವಾರ ಗಂಟೆಯಪ್ಪನನ್ನು ಕರೆಸಿದ. ಇಪ್ಪತ್ತೆರಡು ನಿಮಿಷದ ಲೆಕ್ಕ ಕೇಳುತ್ತಾನೆ, ಮುಗಿಯಿತು ನನ್ನ ಕತೆ ಎಂದುಕೊಂಡು ಗಂಟೆಯಪ್ಪ ಕಾಲೆಳೆದುಕೊಂಡು ಹೋದ.

"ಕೂತ್ಕೊಳ್ಳಿ" ಎಂದ ಮ್ಯಾನೇಜರ್.

ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಯಾರೂ ಅವನಿಗೆ ಕೂರಲು ಹೇಳಿರಲಿಲ್ಲ. ಅವನು ಕುರ್ಚಿಯ ತುದಿಯಲ್ಲಿ ಕೂತ.

"ನಮ್ಮ ಜನ ಟೀ ಅಂದ್ರೆ ಯಾಕಿಷ್ಟು ಪ್ರಾಣ ಬಿಡ್ತಾರೆ? ನಿಜವಾಗ್ಲೂ ತಿಳ್ಕೋಬೇಕು ಅಂತ ಕೇಳ್ತಿದೀನಿ. ನಾನು ಕೇಳಿದ್ರೆ ಅವರು ಹೇಳಲ್ಲ. ನಿಮ್ಮ ಹತ್ರ ಬಾಯಿ ಬಿಡ್ತಾರೆ. ಕೇಳಿ ಬರ್ದುಕೊಡಿ. ಯಾರ ಹೆಸರೂ ಬೇಡ."

"ಯಾಕೆ ಸಾರ್?"

"ಟೀ ವ್ಯವಸ್ಥೆ ಚೆನ್ನಾಗಿ ಮಾಡೋಣ ಅಂತ."

ಗಂಟೆಯಪ್ಪ ಮೆಟ್ಟಿಲಿಳಿಯುವಾಗ ನೆಲದಿಂದ ಎರಡು ಗೇಣು ಮೇಲೆ ನಡೆಯುತ್ತಿದ್ದ. ಶೆಡ್ಡಿಗೆ ಸಿಮೆಂಟಿನ ಸೂರು, ಒರಗುವ ಬೆಂಚು, ಕೈ ತೊಳೆಯಲು ನಲ್ಲಿ, ಎಲ್ಲವೂ ಅವನ ಕಣ್ಣ ಮುಂದೆ ಕಟ್ಟಿ ನಿಂತಿತ್ತು. ಅಂದು ಸಂಜೆ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ಕೊಂಡುಕೊಂಡು ಮನೆಗೆ ಹೋದ. ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನನ್ನ ಟೀ ಹೇಗಿದೆ ಅಂತ ಇಷ್ಟು ವರ್ಷ ಕೇಳಿ ಕೇಳಿ ಸಾಕಾಯ್ತು, ಒಂದಿನ ಹ್ಞೂ ಅನ್ಲಿಲ್ಲ. ಈಗ ಊರೋರ ಟೀಗೆಲ್ಲ ಪುರಾಣ ಬರೀತಾರಂತೆ!"

ಮರುದಿನದಿಂದ ಅವನು ಶೆಡ್ಡಿನ ಬಳಿ ಒಬ್ಬೊಬ್ಬರನ್ನೇ ಹಿಡಿದು ಕೂರಿಸಿಕೊಂಡು ಕೇಳತೊಡಗಿದ. ಮೊದಮೊದಲು ಜನ ತಮಾಷೆ ಮಾಡಿದರು. "ಹೆಂಡತಿ ಮುಖಕ್ಕಿಂತ ಗ್ಲಾಸು ಬಿಸಿಯಾಗಿರಲ್ಲ, ಅದಕ್ಕೆ" ಎಂದ ಒಬ್ಬ. ಬೆಂಚು ಬರುತ್ತದಂತೆ ಎಂಬ ಸುದ್ದಿ ಹಬ್ಬಿದ ಮೇಲೆ ಮಾತು ನಿಜಕ್ಕೆ ತಿರುಗಿತು.

ಹೊಲಿಗೆ ವಿಭಾಗದ ಒಬ್ಬಾಕೆ ಹೇಳಿದಳು: "ಮನೇಲಿ ಏಳು ಜನಕ್ಕೆ ನಾನು ಮಾಡಿ ಕೈಗೆ ಕೊಡ್ಬೇಕು ಅಣ್ಣ. ಇಲ್ಲಿ ಇನ್ನೊಬ್ರು ಮಾಡಿ ನನ್ನ ಕೈಗೆ ಕೊಡ್ತಾರೆ. ರುಚಿ ನೋಡೋದಕ್ಕೇ ಹೋಗಲ್ಲ ನಾನು."

ಚರ್ಮ ಕತ್ತರಿಸುವವನು, "ಇಲ್ಲಿ ಮರ ಕಾಣುತ್ತೆ" ಎಂದ. ಟೀಗೂ ಮರಕ್ಕೂ ಏನು ಸಂಬಂಧ ಎಂದು ಕೇಳಿದರೆ, "ಟೀ ಇಲ್ದೆ ಸುಮ್ನೆ ಮರ ನೋಡ್ತಾ ನಿಂತ್ರೆ ಸೂಪರ್‌ವೈಸರ್ ಬಿಡ್ತಾನಾ?" ಎಂದು ತಿರುಗಿ ಕೇಳಿದ.

ಪ್ಯಾಕಿಂಗಿನಲ್ಲಿ ಅಣ್ಣತಮ್ಮಂದಿರಿಬ್ಬರಿದ್ದರು. ಮನೆ ಪಾಲಾದಾಗಿನಿಂದ ಮಾತು ಬಿಟ್ಟವರು. ಆದರೆ ಅಣ್ಣ ದಿನಾ ಒಂದು ದೊಡ್ಡ ಗ್ಲಾಸು ಟೀ ತೆಗೆದುಕೊಂಡು, ಅರ್ಧವನ್ನು ಇನ್ನೊಂದು ಗ್ಲಾಸಿಗೆ ಬಗ್ಗಿಸಿ, ಕಟ್ಟೆಯ ಮೇಲೆ ಇಟ್ಟು ಆ ಕಡೆ ಮುಖ ಮಾಡುತ್ತಿದ್ದ. ತಮ್ಮ ಬಂದು ಅದನ್ನು ಎತ್ತಿಕೊಳ್ಳುತ್ತಿದ್ದ. ಗಂಟೆಯಪ್ಪ ತಮ್ಮನನ್ನು ಕೇಳಿದಾಗ ಅವನು ಕಣ್ಣು ತಗ್ಗಿಸಿ, "ಅವನಿನ್ನೂ ನಂಗೆ ಅರ್ಧ ಇಡ್ತಾನಲ್ಲ" ಎಂದನಷ್ಟೇ.

ಕೊನೆಗೆ ಭಾವನ ಸರದಿ. ಭಾವ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಬಲಗೈಯನ್ನು ಮುಂದೆ ಚಾಚಿದ. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು.

"ಹತ್ತೂವರೆ ಹೊತ್ತಿಗೆ ಈ ಕೈ ನನ್ನ ಮಾತು ಕೇಳಲ್ಲ. ಬಿಸಿ ಗ್ಲಾಸು ಹಿಡ್ಕೊಂಡು ಹತ್ತು ನಿಮಿಷ ಸುಮ್ನೆ ಕೂತ್ರೆ ಹತೋಟಿಗೆ ಬರುತ್ತೆ. ಆಮೇಲೆ ಊಟದ ತನಕ ಚಿಂತೆಯಿಲ್ಲ. ನಿಮ್ಮಕ್ಕಂಗೂ ಹೇಳಿಲ್ಲ."

"ಎಷ್ಟು ದಿನದಿಂದ ಭಾವ?"

"ಒಂದು ವರ್ಷ ಆಯ್ತು. ಇದನ್ನೂ ಬರೀತೀಯಾ?"

"ಹೆಸರು ಹಾಕಲ್ಲ."

ಭಾವ ನಕ್ಕ. "ಬರಿ ಹಾಗಾದ್ರೆ. ಬೆಂಚಿಗೆ ಒರಗು ಹಾಕಿಸ್ತಾರಲ್ಲ, ನನ್ನ ಬೆನ್ನಿಗೂ ಬೇಕು."

ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಗಂಟೆಯಪ್ಪ ಮನೆಯ ಮುಂದಿನ ಕೋಣೆಯಲ್ಲಿ ಕೂತು ವರದಿ ಬರೆದ. ಜೀವಮಾನವಿಡೀ ಅಂಕಿಗಳನ್ನೇ ಬರೆದ ಕೈಗೆ ಮಾತು ಸಿಕ್ಕಿತ್ತು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಇಳಿಸಿದ. ಭಾವನ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ಬರೆಯಲೋ ಬೇಡವೋ? ಈ ಮಾತಿಲ್ಲದಿದ್ದರೆ ವರದಿಗೆ ಜೀವವೇ ಇರುವುದಿಲ್ಲ ಎನಿಸಿತು. ಹೆಸರು ಹಾಕಲಿಲ್ಲ, ವಿಭಾಗವನ್ನೂ ಹಾಕಲಿಲ್ಲ. ಆದರೆ ಗೌರವಕ್ಕೆಂದು, ಬರವಣಿಗೆಯ ಅಂದಕ್ಕೆಂದು, "ಈ ಕಾರ್ಖಾನೆಯ ಅತ್ಯಂತ ನುರಿತ ಕೈಯೊಂದು" ಎಂದು ಶುರುಮಾಡಿ ಆ ನಡುಕವನ್ನು ವಿವರವಾಗಿ ಬರೆದ. ಆ ಸಾಲನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದ.

ಮ್ಯಾನೇಜರ್ ಓದಿ ಎದ್ದು ನಿಂತು ಕೈ ಕುಲುಕಿದ. "ನೀವು ಇಲ್ಲಿರಬೇಕಾದೋರೇ ಅಲ್ಲ" ಎಂದ. ಗಂಟೆಯಪ್ಪ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡ.

ಒಂದು ತಿಂಗಳಾದ ಮೇಲೆ ನೋಟೀಸ್ ಬೋರ್ಡಿಗೆ ಹಾಳೆಯೊಂದು ಬಿತ್ತು. ಕಾರ್ಮಿಕರ ಅಭಿಪ್ರಾಯಗಳನ್ನು ಆಳವಾಗಿ ಅಧ್ಯಯನ ಮಾಡಲಾಗಿದೆ. ಗಂಟಲಿಗೆ, ಕೈಗೆ ಬಿಸಿ ಬೇಕೆಂಬ ಕಾರಣ ನ್ಯಾಯವಾದದ್ದು, ಅದಕ್ಕೆ ಎದ್ದು ಹೋಗುವ ಅಗತ್ಯವಿಲ್ಲ. ಮಿಕ್ಕ ಕಾರಣಗಳಿಗೂ ಟೀಗೂ ಸಂಬಂಧವಿಲ್ಲ. ಆದ್ದರಿಂದ ಸೋಮವಾರದಿಂದ ತಳ್ಳುಗಾಡಿಯಲ್ಲಿ ಟೀಯನ್ನು ಪ್ರತಿಯೊಬ್ಬರ ಯಂತ್ರದ ಬಳಿಗೇ ಉಚಿತವಾಗಿ ತಂದುಕೊಡಲಾಗುವುದು. ಹನ್ನೊಂದು ಗಂಟೆಯ ಸೈರನ್ ಇರುವುದಿಲ್ಲ.

ಜನ ಓದಿದರು, ಓದು ಬಾರದವರಿಗೆ ಓದಿ ಹೇಳಿದರು. ಆಮೇಲೆ ಎಲ್ಲರೂ ಗೇಟಿನ ಪಕ್ಕದ ಕೋಣೆಯ ಕಡೆ ತಿರುಗಿ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊಲಿಗೆಯಾಕೆ ಮಾತ್ರ ಕಿಟಕಿಯ ಬಳಿ ಬಂದು, "ಏಳು ಜನದ ವಿಷ್ಯನೂ ಹೇಳಿಬಿಟ್ರಾ ಅಣ್ಣ? ಮೇಲಿನೋರು ಓದಿ ನಕ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಶೆಡ್ಡಕ್ಕ ಒಲೆಗಳನ್ನು ಎತ್ತಿಕೊಂಡು ಹೋಗುವಾಗ ಗೇಟಿನಲ್ಲಿ ಅವಳ ಹೊತ್ತನ್ನೂ ಅವನೇ ಬರೆದುಕೊಳ್ಳಬೇಕಾಯಿತು. "ನನ್ನನ್ನ ಮಾತ್ರ ನೀವು ಏನೂ ಕೇಳ್ಲೇ ಇಲ್ಲ" ಎಂದಳು ಅವಳು.

ಗಾಡಿಯ ಟೀ ಕೆಟ್ಟದಾಗೇನೂ ಇರಲಿಲ್ಲ. ಕಾಗದದ ಕಪ್ಪು, ಹದವಾದ ಸಕ್ಕರೆ. ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ಕಪ್ಪು ಹಿಡಿದು ಜನ ಎರಡೇ ಗುಟುಕಿಗೆ ಮುಗಿಸುತ್ತಿದ್ದರು. ಎಲ್ಲರಿಗೂ ಅವರವರ ಕಪ್ಪೇ ಬರುತ್ತಿದ್ದುದರಿಂದ ಪ್ಯಾಕಿಂಗಿನ ಅಣ್ಣ ಅರ್ಧ ಬಗ್ಗಿಸಿಡುವ ಪ್ರಮೇಯವೇ ಬರಲಿಲ್ಲ.

ಗೋಂದಿನ ಸಾಲಿನಲ್ಲಿ ಹನ್ನೊಂದು ದಾಟಿದ ಮೇಲಿನ ಬೂಟುಗಳ ಅಂಚು ಸೊಟ್ಟಗಾಗತೊಡಗಿತು. ಯಾರ ಕೈ ಎಂದು ಮ್ಯಾನೇಜರ್ ಹುಡುಕಬೇಕಾಗಿ ಬರಲಿಲ್ಲ. ಅತ್ಯಂತ ನುರಿತ ಕೈ ಯಾರದೆಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು. ಭಾವನನ್ನು ಕರೆಸಿ, ಬಹಳ ಮರ್ಯಾದೆಯಿಂದಲೇ ಗೋದಾಮಿಗೆ ಹಾಕಿದರು, ಹಳೆಯ ರಟ್ಟಿನ ಪೆಟ್ಟಿಗೆ ಬಿಚ್ಚಿ ಚಪ್ಪಟೆ ಮಾಡುವ ಕೆಲಸಕ್ಕೆ. ಅದನ್ನು ಎರಡು ತಿಂಗಳು ಮಾಡಿ ಭಾವ ತಾನಾಗಿಯೇ ಬಿಟ್ಟುಬಿಟ್ಟ. ಹೋಗುವ ದಿನ ಗೇಟಿನಲ್ಲಿ ನಿಂತು, "ಬರ್ಕೋ, ನಾಲ್ಕೂ ಹತ್ತು" ಎಂದು ಹೇಳಿ ಹೊರಗೆ ನಡೆದ.

ಗಂಟೆಯಪ್ಪ ಮೂರು ವಾರ ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಹೆಂಡತಿಯೇ ಕೊನೆಗೆ, "ಸಾಯೋ ತನಕ ಹೋಗ್ದೆ ಇರೋಕಾಗುತ್ತಾ? ಹೋಗಿ ಕಾಲಿಗೆ ಬೀಳಿ" ಎಂದು ದಬ್ಬಿದಳು. ಆ ಮನೆಗೆ ಅವನೆಂದೂ ಬಾಗಿಲು ತಟ್ಟಿ ಹೋದವನಲ್ಲ. ಚಪ್ಪಲಿಯ ಸದ್ದು ಕೇಳಿದರೆ ಸಾಕು, "ಬಂದ್ಯೇನೋ, ಕೂತ್ಕೋ, ಟೀ ಇಟ್ಟಿದೀನಿ" ಎನ್ನುವ ಕೂಗು ಅಡುಗೆಮನೆಯಿಂದ ಬರುತ್ತಿತ್ತು. ಈ ಸಲ ಬಾಗಿಲು ಹಾಕಿತ್ತು. ತಟ್ಟಿದ. ಅಕ್ಕ ತೆರೆದಳು.

"ಬನ್ನಿ, ಕೂತ್ಕೊಳ್ಳಿ" ಎಂದಳು.

ಅಕ್ಕನ ಬಾಯಿಂದ ಬಹುವಚನ! ಹೊಡೆದಿದ್ದಳು, ಬೈದಿದ್ದಳು, ಜ್ವರ ಬಂದಾಗ ಎದೆಗೆ ಅವುಚಿಕೊಂಡು ಅತ್ತಿದ್ದಳು, ಎಲ್ಲವೂ ಏಕವಚನದಲ್ಲೇ. ಒಳಗಿನ ಕೋಣೆಯಲ್ಲಿ ಭಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನಿದ್ದೆ ಬಂದಿರಲಿಲ್ಲ, ಉಸಿರಾಟದಲ್ಲೇ ತಿಳಿಯುತ್ತಿತ್ತು.

"ಟೀ ತಗೋತೀರಾ?" ಎಂದು ಕೇಳಿದಳು ಅಕ್ಕ.

"ಅಕ್ಕಾ, ನಾನು ಅಕ್ಕಾ."

"ಗೊತ್ತು. ಸಕ್ಕರೆ ಎಷ್ಟು ಹಾಕ್ಲಿ?"

ನಲವತ್ತು ವರ್ಷ ಅಳತೆ ಕೇಳದೆ ಹಾಕಿದವಳು. ಗಂಟೆಯಪ್ಪ, "ಭಾವನ ಒಳ್ಳೇದಕ್ಕೆ ಅಂತಾನೇ ಬರೆದೆ ಅಕ್ಕ" ಎಂದ.

"ನನಗೇ ಹೇಳದೆ ಇದ್ದದ್ದನ್ನ ನಿಮಗೆ ಹೇಳಿದ್ರು" ಎಂದಳು ಅವಳು. ದನಿ ಏರಿಸಲಿಲ್ಲ. "ನನ್ನ ಗಂಡನ ಕೈ ನಡುಗುತ್ತೆ ಅಂತ ನನಗೆ ತಿಳಿದದ್ದು ಅವ್ರನ್ನ ಗೋದಾಮಿಗೆ ಹಾಕಿದಾಗ ಮ್ಯಾನೇಜರ್ ನಮ್ಮ ಮನೆಗೆ ಕಳಿಸಿದ ಕಾಗದದಿಂದ."

ಟೀ ಬಂತು. ಒಳ್ಳೆಯ ಕಪ್ಪು, ಕೆಳಗೆ ಸಾಸರ್, ನೆಂಟರಿಗೆ ಕೊಡುವ ಹಾಗೆ. ಅವನು ಪೂರ್ತಿ ಕುಡಿದು, ಕಪ್ಪನ್ನು ತಾನೇ ತೊಳೆದಿಡಲು ಎದ್ದ. "ಇರ್ಲಿ, ಅಲ್ಲೇ ಇಡಿ" ಎಂದಳು ಅಕ್ಕ.

ಎರಡು ವರ್ಷಕ್ಕೆ ಆ ಮ್ಯಾನೇಜರ್ ಇನ್ನೂ ದೊಡ್ಡ ಕಾರ್ಖಾನೆಗೆ ಹೋದ. ಬದಲಿಗೆ ಬಂದವಳು ನಡುವಯಸ್ಸಿನ ಹೆಂಗಸು. ನೇರ ಮಾತು, ಕಪಟವಿಲ್ಲ. ಹಳೆಯ ಕಡತಗಳಲ್ಲಿ ವರದಿ ಅವಳಿಗೆ ಸಿಕ್ಕಿತು. ಗಂಟೆಯಪ್ಪನ ಕೋಣೆಗೆ ತಾನೇ ಬಂದು, "ಇದನ್ನ ಓದಿ ಆ ಶೆಡ್ ಮತ್ತೆ ಶುರು ಮಾಡ್ಬೇಕು ಅನ್ನಿಸ್ತು. ಮಾಲೀಕರಿಗೆ ತೋರ್ಸೋಕೆ ಹೊಸದಾಗಿ ಜನರ ಮಾತು ಬೇಕು. ಇನ್ನೊಂದು ಸಲ ಕೇಳ್ತೀರಾ?" ಎಂದಳು.

"ನನ್ನಿಂದ ಆಗಲ್ಲ ಮೇಡಂ. ನೀವೇ ಕೇಳಿ" ಎಂದ ಗಂಟೆಯಪ್ಪ.

ಅವಳು ಒಂದೊಂದು ಸಾಲಿನಲ್ಲೂ ನಿಂತು ಎಲ್ಲರನ್ನೂ ಕೇಳಿದಳು. ಯಾರು ಯಾರೆಂದು ಹೇಳಲು ಗಂಟೆಯಪ್ಪ ಹಾಜರಿ ಪುಸ್ತಕ ಹಿಡಿದು ಅವಳ ಹಿಂದೆಯೇ ನಡೆದ. ಹೊಲಿಗೆಯಾಕೆ ತಲೆಯೆತ್ತದೆ, "ಹಾಗೇ ಸುಮ್ನೆ ಕುಡೀತೀವಿ ಮೇಡಂ" ಎಂದಳು. ಚರ್ಮ ಕತ್ತರಿಸುವವನು, "ಅಭ್ಯಾಸ" ಎಂದ. ಪ್ಯಾಕಿಂಗಿನ ಅಣ್ಣ, "ನಂಗೆ ಟೀ ಅಷ್ಟೇನೂ ಇಷ್ಟ ಇಲ್ಲ" ಎಂದ. ತಮ್ಮ ಕೇಳಿಸದವನ ಹಾಗೆ ಪೆಟ್ಟಿಗೆಗೆ ಟೇಪು ಸುತ್ತುತ್ತಲೇ ಇದ್ದ. ಕೊನೆಯ ಸಾಲಿನವರೆಗೂ ಅದೇ. ಒಬ್ಬರಾದರೂ ಒಂದು ನಿಜದ ಮಾತು ಆಡಲಿಲ್ಲ.

ಮಾಲೀಕರಿಗೆ ತೋರಿಸಲು ಅವಳ ಕೈಯಲ್ಲಿ ಏನೂ ಉಳಿಯಲಿಲ್ಲ. "ವಿಚಿತ್ರ ಜನ" ಎಂದುಕೊಂಡು ಅವಳು ಮೇಲೆ ಹೋದಳು. ಮರದ ಕೆಳಗಿನ ಖಾಲಿ ಜಾಗಕ್ಕೆ ಮುಂದಿನ ತಿಂಗಳು ಕೆಟ್ಟುಹೋದ ಯಂತ್ರಗಳನ್ನು ತಂದು ಸುರಿದರು. ಗಂಟೆಯಪ್ಪ ನಿವೃತ್ತಿಗೆ ಇನ್ನುಳಿದಿದ್ದ ಮೂರು ವರ್ಷ ಗೇಟಿನ ಕೋಣೆಯಲ್ಲೇ ಕಳೆದ. ಎರಡು ನಿಮಿಷ ತಡವಾಗಿ ಬಂದವರಿಗೆ ಈಗಲೂ ಸೈರನ್ನಿನ ಹೊತ್ತನ್ನೇ ಬರೆದುಕೊಳ್ಳುತ್ತಿದ್ದ. ಅವರು ಮಾತ್ರ ಅವನ ಕೈಯಲ್ಲಿದ್ದ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು, ಏನು ಬರೆದಿದ್ದಾನೆಂದು ಓದಿ ನೋಡಿಯೇ ಒಳಗೆ ಹೋಗುತ್ತಿದ್ದರು.