ಅಮೋನಿಯಾಕ್ಕೆ ನಾಲ್ಕನೇ ಹೈಡ್ರೋಜನ್

೧೯೬೬ರಲ್ಲಿ ನಾನು ಸಾಗರದಲ್ಲಿ ಪಿಯುಸಿ ಓದುತ್ತಿದ್ದೆ. ಮೂರು ದಿನ ಊಟ ಬಿಟ್ಟು (ಅಡುಗೆಮನೆಯಲ್ಲಿ ಕದ್ದು ತಿಂದದ್ದು ಬೇರೆ ಮಾತು) ಹಠ ಮಾಡಿ, ಹೊಸನಗರದಲ್ಲಿದ್ದ ಅಪ್ಪನನ್ನು ಒಪ್ಪಿಸಿ ಸೈನ್ಸ್ ಸೇರಿದ್ದೆ. ಕ್ಲಾಸಿನಲ್ಲಿ ಹುಡುಗಿಯರೆಂದರೆ ನಾನು, ಸುಮಿತ್ರ ಇಬ್ಬರೇ. ಕೆಮಿಸ್ಟ್ರಿ ಮೇಷ್ಟ್ರು ಮೊದಲೇ ಹೇಳಿದ್ದರು: "ಈ ಟೆಸ್ಟಲ್ಲಿ ಫೇಲಾದೋರು ಸುಮ್ನೆ ಆರ್ಟ್ಸಿಗೆ ಹೋಗಿ."

ಟೆಸ್ಟಿನಲ್ಲಿ ಅಮೋನಿಯಾದ ಚುಕ್ಕಿ ಚಿತ್ರ ಬರೆಯಬೇಕಿತ್ತು. ಒಂದೊಂದು ಚುಕ್ಕಿಯೂ ಒಂದು ಎಲೆಕ್ಟ್ರಾನ್. ನಡುವೆ ನೈಟ್ರೋಜನ್, ಅದರ ಸುತ್ತ ನಾಲ್ಕು ಜೋಡಿ ಚುಕ್ಕಿ. ಮೂರು ಜೋಡಿಗೆ ಮೂರು ಹೈಡ್ರೋಜನ್ ಸೇರಿಸಿದೆ. ನಾಲ್ಕನೇ ಜೋಡಿ ಹಾಗೇ ಉಳಿಯಿತು. ನಾನೋ ಚಿಕ್ಕಂದಿನಿಂದ ದಿನಾ ಹೊಸಿಲ ಮುಂದೆ ರಂಗೋಲಿ ಹಾಕಿದವಳು. ಒಂದು ಚುಕ್ಕಿ ಸೇರಿಸದೆ ಬಿಟ್ಟರೂ ಅಮ್ಮ ಪೂರ್ತಿ ಒರೆಸಿ ಮತ್ತೆ ಹಾಕಿಸುತ್ತಿದ್ದಳು. ಕೈ ಸುಮ್ಮನಿರಲಿಲ್ಲ, ಅಲ್ಲೂ ಒಂದು ಹೈಡ್ರೋಜನ್ ಕೂರಿಸಿದೆ. ನಾಲ್ಕೂ ಕಡೆ ಸಮ. ಎಷ್ಟು ಚಂದ ಕಂಡಿತು!

ಪೇಪರ್ ಬಂತು. ಪಾಸಾಗಲು ಒಂದೇ ಒಂದು ಮಾರ್ಕು ಕಡಿಮೆ. ಮೇಷ್ಟ್ರು ಬೋರ್ಡಿನ ಹತ್ತಿರ ಕರೆದರು.

"ಎಂತ ಮಾರಾಯ್ತಿ ಇದು? ಈ ನಾಲ್ಕನೇದು ಎಲ್ಲಿಂದ ಬಂತು?"

"ಎರಡು ಚುಕ್ಕಿ ಉಳ್ದಿತ್ತು ಸಾರ್. ಚುಕ್ಕಿ ಬಿಟ್ರೆ ಅಮ್ಮ ಬೈತಾಳೆ."

ಹುಡುಗರು ಬೆಂಚು ಬಡಿದು ನಕ್ಕರು. ಹಿಂದಿನಿಂದ ಒಬ್ಬ, "ಅರಿಶಿನ ಕುಂಕುಮನೂ ಇಡ್ಸಿ ಸಾರ್!" ಎಂದ. ಮೇಷ್ಟ್ರು ಮಾತ್ರ ನಗಲಿಲ್ಲ.

"ಲೆಕ್ಕ ಹಾಕು. ನೈಟ್ರೋಜನ್ನಿಂದು ಐದು, ನಿನ್ನ ನಾಲ್ಕು ಹೈಡ್ರೋಜನ್ನಿಂದು ಒಂದೊಂದು. ಎಷ್ಟಾಯ್ತು?"

"ಒಂಬತ್ತು."

"ನೀನು ಇಟ್ಟಿದ್ದು?"

"ಎಂಟು... ಒಂದು ಕಳ್ದೋಗಿದೆ ಸಾರ್."

"ಹಾಂ! ಒಂದು ಎಲೆಕ್ಟ್ರಾನ್ ಕಳ್ಕೊಂಡ್ರೆ ಬ್ರ್ಯಾಕೆಟ್ ಹಾಕಿ ಮೇಲೆ ಪ್ಲಸ್ ಬರೀಬೇಕು. ಆಗ ಅದು ಅಮೋನಿಯಾ ಅಲ್ಲ, ಅಮೋನಿಯಂ ಅಯಾನ್. ಮುಂದಿನ ವಾರದ ಪಾಠ ನೀನು ಈಗ್ಲೇ ಬರ್ದಿದೀಯ! ಇರ್ಲಿ, ನೀರು ಬರಿ. ಸರಿಯಾದ್ರೆ ಆ ಒಂದು ಮಾರ್ಕು ನಿಂದು."

ಆಕ್ಸಿಜನ್ ಬರೆದು ಸುತ್ತ ಎಂಟು ಚುಕ್ಕಿ ಇಟ್ಟೆ, ಎರಡು ಹೈಡ್ರೋಜನ್ ಸೇರಿಸಿದೆ. ಈ ಸಲ ಎರಡು ಜೋಡಿ ಉಳಿದವು! ಕೈ ತುರಿಸತೊಡಗಿತು. ಸೀಮೆಸುಣ್ಣ ಮೇಜಿನ ಮೇಲೆ ಇಟ್ಟವಳೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಮೇಷ್ಟ್ರು ಬೋರ್ಡು ನೋಡಿದರು, ಆಮೇಲೆ ನನ್ನ ಕೈ ನೋಡಿದರು.

"ಅಂತೂ ಬಿಟ್ಯಲ್ಲ! ಹೋಗು, ಸೈನ್ಸಲ್ಲೇ ಕೂತ್ಕೋ."

ಬೆಂಚಿಗೆ ಹೇಗೆ ಬಂದೆನೋ ಗೊತ್ತಿಲ್ಲ. ಸುಮಿತ್ರ, "ಬದುಕ್ಕೊಂಡ್ಯಲ್ಲೇ!" ಎಂದು ತೊಡೆ ಚಿವುಟಿದಾಗಲೇ ಬಿಗಿಹಿಡಿದ ಉಸಿರು ಹೊರಬಂತು. ಜೊತೆಗೆ ಜೋರಾಗಿ ಒಂದು ಬಿಕ್ಕಳಿಕೆಯೂ.

ಮುಂದೆ ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ನಾನೇ ವಿಜ್ಞಾನದ ಟೀಚರಾದೆ. ಮಕ್ಕಳು ತಪ್ಪು ಬರೆದರೆ ಗೀಟು ಎಳೆಯುವ ಮೊದಲು "ಯಾಕೆ ಹೀಗೆ ಬರ್ದೆ?" ಎಂದು ಕೇಳುತ್ತಿದ್ದೆ. ಅವರ ಉತ್ತರಕ್ಕೆ ಸ್ಟಾಫ್ ರೂಮಿಗೆ ಓಡಿಹೋಗಿ ಹೊಟ್ಟೆ ಹಿಡಿದು ನಕ್ಕದ್ದುಂಟು. ಮಕ್ಕಳೆದುರು ಮಾತ್ರ ಒಮ್ಮೆಯೂ ನಗಲಿಲ್ಲ.